ಹೊರೇಸ್ ವೆಲ್ಸ್

ಹೊರೇಸ್ ವೆಲ್ಸ್ (ಜನವರಿ 21, 1815 – ಜನವರಿ 24, 1848) ಅಮೆರಿಕ ಸಂಯುಕ್ತ ಸಂಸ್ಥಾನದ ದಂತವೈದ್ಯರು. ನಗೆಯನಿಲ ಎಂದು ಜನಜನಿತವಾಗಿರುವ ನೈಟ್ರಸ್ ಆಕ್ಸೈಡ್ ಅನಿಲವನ್ನು ಉಸಿರಾಡಿಸಿ ನೋವಿಲ್ಲದೆ ಹಲ್ಲು ಕೀಳಬಹುದೆಂದು 1844ರಲ್ಲಿ ಮೊದಲಿಗೆ ತಮ್ಮ ಮೇಲೆಯೇ ಪ್ರಯೋಗಿಸಿ ತೋರಿಸಿದವರು ಇವರು. ಆಧುನಿಕ ಅರಿವಳಿಕೆ ಶಾಸ್ತ್ರದ ಆದ್ಯ ಪ್ರವರ್ತಕರಲ್ಲಿ ಇವರನ್ನು ಪರಿಗಣಿಸಲಾಗುತ್ತದೆ.

1845ರಲ್ಲಿ ಬಾಸ್ಟನ್ ನಗರದ ವೈದ್ಯರ ಹಾಗೂ ವಿದ್ಯಾರ್ಥಿಗಳ ಎದುರು ಇವರು ನಡೆಸಿದ ಪ್ರದರ್ಶನ ವಿಫಲವಾಯಿತು. ಆ ಅಪಮಾನದ ಬಳಿಕ ಇವರ ಬದುಕು ಮತ್ತೆ ನೆಲೆ ಕಾಣಲಿಲ್ಲ. ಮೂವತ್ತಮೂರನೆಯ ವಯಸ್ಸಿನಲ್ಲಿ ಸೆರೆಮನೆಯಲ್ಲಿ ಕೊನೆಯುಸಿರೆಳೆದರು. ಅಂದು ಅವರ ಸೋಲಿಗೆ ಕಾರಣವಾದದ್ದು ಬಹುಮಟ್ಟಿಗೆ ಆ ಅನಿಲದ ಸೌಮ್ಯ ಸ್ವಭಾವ. ಅದೇ ಸೌಮ್ಯ ಸ್ವಭಾವದಿಂದಾಗಿ ಇಂದು ಅದು ಹಲ್ಲಿನ ಚಿಕಿತ್ಸೆಗೆ ಅಂಜುವ ಮಕ್ಕಳನ್ನು ಎಚ್ಚರದಲ್ಲಿಯೇ ಇರಿಸಿ ಶಾಂತಗೊಳಿಸಲು ಜಗತ್ತಿನ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ.

ಜನನ ಮತ್ತು ಶಿಕ್ಷಣ

ವೆಲ್ಸ್ ಅವರು 1815ರ ಜನವರಿ 21ರಂದು ವರ್ಮಾಂಟ್ ರಾಜ್ಯದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಜನಿಸಿದರು. ಮುಂದೆ ಅವರು ವೃತ್ತಿ ನಡೆಸಿದ ಕನೆಕ್ಟಿಕಟ್ ರಾಜ್ಯದ ನಗರದ ಹೆಸರೂ ಹಾರ್ಟ್‌ಫರ್ಡ್ ಎಂದೇ ಇರುವುದರಿಂದ ಈ ಎರಡನ್ನೂ ಒಂದೇ ಎಂದು ಭಾವಿಸಬಾರದು. ತಂದೆಯ ಹೆಸರೂ ಹೊರೇಸ್ ವೆಲ್ಸ್. ತಾಯಿ ಬೆಟ್ಸಿ ಹೀತ್. ಮೂವರು ಮಕ್ಕಳಲ್ಲಿ ಇವರೇ ಹಿರಿಯರು. ಕುಟುಂಬವು ಅನುಕೂಲಸ್ಥವಾಗಿದ್ದುದರಿಂದ ಖಾಸಗಿ ಶಾಲೆಗಳಲ್ಲಿ ಒಳ್ಳೆಯ ವಿದ್ಯಾಭ್ಯಾಸ ದೊರೆಯಿತು.

ಆ ಕಾಲದಲ್ಲಿ ದಂತವೈದ್ಯಕೀಯವನ್ನು ಕಲಿಸುವ ಕಾಲೇಜುಗಳು ಇರಲಿಲ್ಲ. ಅಮೆರಿಕದ ಮೊದಲ ದಂತವೈದ್ಯಕೀಯ ಕಾಲೇಜು ಬಾಲ್ಟಿಮೋರ್ ನಗರದಲ್ಲಿ ಆರಂಭವಾದದ್ದು 1840ರಲ್ಲಿ. ಅದಕ್ಕೆ ಮೊದಲು ಈ ವಿದ್ಯೆಯನ್ನು ಕಲಿಯಬಯಸುವವರು ಅನುಭವಸ್ಥರ ಬಳಿ ಶಿಷ್ಯವೃತ್ತಿ ಮಾಡಬೇಕಾಗಿತ್ತು. ವೆಲ್ಸ್ ಅವರು 1834ರಲ್ಲಿ ಬಾಸ್ಟನ್ನಿಗೆ ತೆರಳಿ ಎರಡು ವರ್ಷ ಕಾಲ ಹೀಗೆಯೇ ಕಲಿತರು.

ಹಾರ್ಟ್‌ಫರ್ಡ್‌ನಲ್ಲಿ ವೃತ್ತಿಜೀವನ

1836ರಲ್ಲಿ ವೆಲ್ಸ್ ಅವರು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಸ್ವಂತ ಚಿಕಿತ್ಸಾಲಯವನ್ನು ತೆರೆದರು. ಕೈಚಳಕ, ಸೌಮ್ಯ ನಡವಳಿಕೆ ಹಾಗೂ ಹೊಸ ಉಪಕರಣಗಳನ್ನು ತಾವೇ ರೂಪಿಸಿಕೊಳ್ಳುವ ಜಾಣ್ಮೆಯಿಂದಾಗಿ ಅವರು ಬೇಗನೆ ಹೆಸರು ಗಳಿಸಿದರು. 1838ರಲ್ಲಿ ಹಲ್ಲುಗಳ ರಚನೆ, ಅವುಗಳಿಗೆ ಬರುವ ರೋಗಗಳು ಮತ್ತು ಚಿಕಿತ್ಸೆಯನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಅದೇ ವರ್ಷ ಎಲಿಜಬೆತ್ ವೇಲ್ಸ್ ಎಂಬವರನ್ನು ವಿವಾಹವಾದರು. ಮರುವರ್ಷ ಚಾರ್ಲ್ಸ್ ಎಂಬ ಮಗ ಹುಟ್ಟಿದನು.

ಇವರ ಬಳಿ ದಂತವೈದ್ಯ ವಿದ್ಯೆಯನ್ನು ಕಲಿತವರಲ್ಲಿ ಇಬ್ಬರ ಹೆಸರು ಮುಖ್ಯವಾದುದು. ಒಬ್ಬರು ಮುಂದೆ ವಸಡು ರೋಗಗಳ ಅಧ್ಯಯನದಿಂದ ಖ್ಯಾತರಾದ ಜಾನ್ ರಿಗ್ಸ್. ಇನ್ನೊಬ್ಬರು ವಿಲಿಯಂ ಮಾರ್ಟನ್. ಮಾರ್ಟನ್ ಅವರೊಡನೆ ವೆಲ್ಸ್ ಅವರು 1843ರಲ್ಲಿ ಬಾಸ್ಟನ್ನಿನಲ್ಲಿ ಪಾಲುದಾರಿಕೆಯ ಚಿಕಿತ್ಸಾಲಯವನ್ನೂ ತೆರೆದಿದ್ದರು. ಅದು ಲಾಭ ತರಲಿಲ್ಲವಾದ್ದರಿಂದ ಮರುವರ್ಷ ಪಾಲುದಾರಿಕೆ ಮುರಿಯಿತು. ಆದರೂ ಇಬ್ಬರ ಸಂಬಂಧ ಕೆಟ್ಟಿರಲಿಲ್ಲ.

ಹಲ್ಲು ಕೀಳುವುದು ಅಂದಿನ ದಿನಗಳಲ್ಲಿ ರೋಗಿಗೂ ವೈದ್ಯರಿಗೂ ಘೋರವಾದ ಅನುಭವವಾಗಿತ್ತು. ರೋಗಿಯನ್ನು ಇತರರು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಮದ್ಯ ಅಥವಾ ಅಫೀಮು ಕುಡಿಸುವುದೊಂದೇ ಇದ್ದ ಉಪಶಮನ. ಕೃತಕ ಹಲ್ಲಿನ ಪಂಕ್ತಿಯನ್ನು ಕೂರಿಸಬೇಕಾದರೆ ಹಳೆಯ ಬೇರುಗಳನ್ನೆಲ್ಲ ಮೊದಲು ತೆಗೆಯಬೇಕಾಗಿದ್ದುದರಿಂದ, ನೋವಿಗೆ ಅಂಜಿ ಅನೇಕರು ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಿದ್ದರು. ಈ ಯಾತನೆಗೆ ಪರಿಹಾರ ಹುಡುಕಬೇಕೆಂಬ ಚಿಂತೆ ವೆಲ್ಸ್ ಅವರನ್ನು ಬಹುಕಾಲದಿಂದ ಕಾಡುತ್ತಿತ್ತು.

ನಗೆಯನಿಲದ ಪೂರ್ವೇತಿಹಾಸ

ನೈಟ್ರಸ್ ಆಕ್ಸೈಡ್ ಎಂಬುದು ಎರಡು ನೈಟ್ರೋಜನ್ ಪರಮಾಣುಗಳೂ ಒಂದು ಆಕ್ಸಿಜನ್ ಪರಮಾಣುವೂ ಸೇರಿ ಆದ, ಬಣ್ಣವಿಲ್ಲದ, ಅಲ್ಪ ಸಿಹಿವಾಸನೆಯ ಅನಿಲ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1772ರ ಸುಮಾರಿಗೆ ಇದನ್ನು ಮೊದಲ ಬಾರಿಗೆ ತಯಾರಿಸಿದರು. ಬ್ರಿಸ್ಟಲ್ ನಗರದ ಅನಿಲ ಚಿಕಿತ್ಸಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಯುವ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ 1799ರಿಂದ ಇದನ್ನು ತಾವೇ ಉಸಿರಾಡಿ ಪರೀಕ್ಷಿಸಿದರು. ಅದು ತರುವ ಉಲ್ಲಾಸವನ್ನೂ ನೋವು ತಗ್ಗಿಸುವ ಗುಣವನ್ನೂ ಗುರುತಿಸಿ, ಶಸ್ತ್ರಚಿಕಿತ್ಸೆಯಲ್ಲಿ ಇದು ಉಪಯೋಗಕ್ಕೆ ಬರಬಹುದೆಂದು 1800ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸೂಚಿಸಿದರು.

ಆದರೆ ಆ ಸೂಚನೆಯನ್ನು ಯಾವ ಶಸ್ತ್ರವೈದ್ಯರೂ ಕೈಗೆತ್ತಿಕೊಳ್ಳಲಿಲ್ಲ. ಮುಂದಿನ ನಾಲ್ಕು ದಶಕಗಳ ಕಾಲ ನಗೆಯನಿಲವು ಜಾತ್ರೆಗಳಲ್ಲಿ, ಸಭಾಂಗಣಗಳಲ್ಲಿ ಜನರನ್ನು ರಂಜಿಸುವ ಸಾಧನವಾಗಿಯೇ ಉಳಿಯಿತು. ಪ್ರೇಕ್ಷಕರಲ್ಲಿ ಕೆಲವರು ವೇದಿಕೆಗೆ ಬಂದು ಚೀಲದಿಂದ ಅನಿಲವನ್ನು ಸೇದಿ ನಗುವುದು, ಕುಣಿಯುವುದು, ತೂರಾಡುವುದು ಉಳಿದವರಿಗೆ ಮನರಂಜನೆಯಾಗಿತ್ತು.

1844ರ ಡಿಸೆಂಬರ್ ಪ್ರಯೋಗ

1844ರ ಡಿಸೆಂಬರ್ 10ರ ಸಂಜೆ ಗಾರ್ಡ್‌ನರ್ ಕ್ವಿನ್ಸಿ ಕೋಲ್ಟನ್ ಎಂಬವರು ಹಾರ್ಟ್‌ಫರ್ಡ್ ನಗರದಲ್ಲಿ ಇಂತಹ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ವೆಲ್ಸ್ ದಂಪತಿಗಳು ಅದನ್ನು ನೋಡಲು ಹೋಗಿದ್ದರು. ಅನಿಲ ಸೇದಿದ ಸ್ಯಾಮ್ಯುಯೆಲ್ ಕೂಲಿ ಎಂಬ ಯುವಕ ಅತ್ತಿತ್ತ ಓಡಾಡುವಾಗ ಬೆಂಚಿಗೆ ಕಾಲು ಬಡಿದು ಗಾಯವಾಯಿತು. ಅನಿಲದ ಪ್ರಭಾವ ಇಳಿದು ತನ್ನ ಕಾಲಿನಿಂದ ರಕ್ತ ಹರಿಯುತ್ತಿರುವುದನ್ನು ಕಾಣುವವರೆಗೂ ಅವನಿಗೆ ನೋವಿನ ಅರಿವೇ ಇರಲಿಲ್ಲ. ನೂರಾರು ಪ್ರದರ್ಶನಗಳಲ್ಲಿ ಸಾವಿರಾರು ಜನ ನೋಡಿ ನಕ್ಕು ಮರೆತಿರಬಹುದಾದ ಸಂಗತಿಯೊಂದು ವೆಲ್ಸ್ ಅವರ ಕಣ್ಣಿಗೆ ಬೇರೆಯಾಗಿ ಕಂಡಿತು. ಬಹುಕಾಲದಿಂದ ತಾವು ಹುಡುಕುತ್ತಿದ್ದ ಉತ್ತರ ಇದೇ ಇರಬಹುದೆಂದು ಅವರಿಗೆ ಹೊಳೆಯಿತು.

ಮರುದಿನ, ಅಂದರೆ ಡಿಸೆಂಬರ್ 11ರಂದು, ಕೋಲ್ಟನ್ ಅವರು ಅನಿಲ ತುಂಬಿದ ಚೀಲವನ್ನು ವೆಲ್ಸ್ ಅವರ ಚಿಕಿತ್ಸಾಲಯಕ್ಕೆ ತಂದರು. ಮನರಂಜನೆಗೆ ಕೊಡುತ್ತಿದ್ದುದಕ್ಕಿಂತ ಹೆಚ್ಚು ಅನಿಲವನ್ನು ಕೊಡಬೇಕಾಗಿತ್ತು. ಹಾಗೆ ಕೊಟ್ಟರೆ ಏನಾಗುವುದೆಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಪ್ರಾಣಾಪಾಯದ ಶಂಕೆಯೂ ಇದ್ದುದರಿಂದ ವೆಲ್ಸ್ ಅವರು ಆ ಪ್ರಯೋಗಕ್ಕೆ ಮತ್ತೊಬ್ಬರನ್ನು ಒಡ್ಡದೆ ತಾವೇ ಕುರ್ಚಿಯಲ್ಲಿ ಕುಳಿತರು. ಕೋಲ್ಟನ್ ಅನಿಲವನ್ನು ಉಸಿರಾಡಿಸಿದರು. ರಿಗ್ಸ್ ಅವರು ವೆಲ್ಸ್ ಅವರ ಒಂದು ದವಡೆ ಹಲ್ಲನ್ನು ಕಿತ್ತರು. ಎಚ್ಚರಗೊಂಡ ವೆಲ್ಸ್ ಅವರಿಗೆ ಹಲ್ಲು ಕಿತ್ತ ನೋವು ತಿಳಿದೇ ಇರಲಿಲ್ಲ.

ಆಮೇಲೆ ಅವರು ಅಮೋನಿಯಂ ನೈಟ್ರೇಟ್ ಲವಣವನ್ನು ಕಾಯಿಸಿ ಅನಿಲವನ್ನು ತಯಾರಿಸುವ ಕ್ರಮವನ್ನು ಕೋಲ್ಟನ್ ಅವರಿಂದ ಕಲಿತುಕೊಂಡರು. ಮುಂದಿನ ಕೆಲವು ವಾರಗಳಲ್ಲಿ ಸುಮಾರು 12ರಿಂದ 15 ರೋಗಿಗಳ ಹಲ್ಲುಗಳನ್ನು ಈ ವಿಧಾನದಿಂದ ಕಿತ್ತರು; ಬಹುತೇಕ ಎಲ್ಲವೂ ಯಶಸ್ವಿಯಾದವು. ಈ ಶೋಧಕ್ಕೆ ಅವರು ಹಕ್ಕುಪತ್ರ ಪಡೆಯಲಿಲ್ಲ. ನೋವಿನಿಂದ ಬಿಡುಗಡೆ ಎಂಬುದು ಉಸಿರಾಡುವ ಗಾಳಿಯಂತೆ ಎಲ್ಲರಿಗೂ ಮುಕ್ತವಾಗಿರಬೇಕೆಂಬುದು ಅವರ ನಿಲುವಾಗಿತ್ತು. ಹಾರ್ಟ್‌ಫರ್ಡ್‌ನ ಇತರ ದಂತವೈದ್ಯರಿಗೂ ಅವರು ಈ ವಿಧಾನವನ್ನು ಯಾವ ಮುಚ್ಚುಮರೆಯೂ ಇಲ್ಲದೆ ತಿಳಿಸಿಕೊಟ್ಟರು.

ಬಾಸ್ಟನ್ ಪ್ರದರ್ಶನ

ತಮ್ಮ ಶೋಧವನ್ನು ವೈದ್ಯಲೋಕದ ಮುಂದಿಡಲು ವೆಲ್ಸ್ ಅವರು 1845ರ ಜನವರಿಯಲ್ಲಿ ಬಾಸ್ಟನ್ನಿಗೆ ಹೋದರು. ಹಳೆಯ ಶಿಷ್ಯ ಮಾರ್ಟನ್ ಅವರ ನೆರವಿನಿಂದ ಅಲ್ಲಿಯ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರೆನ್ ಅವರ ಪರಿಚಯವಾಯಿತು. ವಾರೆನ್ ಅವರು ತಮ್ಮ ವಿದ್ಯಾರ್ಥಿಗಳ ಮುಂದೆ ಮಾತನಾಡಲು ಅವಕಾಶ ಕೊಟ್ಟರು. ಅಂಗಚ್ಛೇದನಕ್ಕೆ ಒಳಗಾಗಬೇಕಿದ್ದ ರೋಗಿಯೊಬ್ಬನ ಮೇಲೆ ಪ್ರದರ್ಶನ ನಡೆಸಬೇಕೆಂಬ ಯೋಚನೆ ಮೊದಲು ಇತ್ತು. ಆ ರೋಗಿ ಒಪ್ಪದಿದ್ದುದರಿಂದ ಹಲ್ಲು ಕೀಳಿಸಿಕೊಳ್ಳಲು ಮುಂದೆ ಬಂದ ಒಬ್ಬನ ಮೇಲೆ ಅದನ್ನು ನಡೆಸಲಾಯಿತು.

ಅನಿಲದ ಚೀಲವನ್ನು ಬೇಗನೆ ತೆಗೆದುಬಿಟ್ಟದ್ದರಿಂದ ರೋಗಿಗೆ ಪೂರ್ಣ ಪರಿಣಾಮ ಉಂಟಾಗಿರಲಿಲ್ಲ. ಹಲ್ಲು ಕೀಳುವಾಗ ಅವನು ಕೂಗಿದನು. ನೆರೆದಿದ್ದವರು ಇದೊಂದು ವಂಚನೆಯೆಂದು ಗೇಲಿ ಮಾಡಿದರು. ತನಗೆ ಅಷ್ಟೇನೂ ನೋವಾಗಲಿಲ್ಲವೆಂದು, ಹಲ್ಲು ಕಿತ್ತದ್ದೇ ಸರಿಯಾಗಿ ತಿಳಿಯಲಿಲ್ಲವೆಂದು ಆ ರೋಗಿ ಅನಂತರ ಹೇಳಿದರೂ ಅದನ್ನು ಕೇಳುವ ತಾಳ್ಮೆ ಸಭೆಗೆ ಇರಲಿಲ್ಲ. ವೆಲ್ಸ್ ಅವರು ಮರುದಿನವೇ ಹಾರ್ಟ್‌ಫರ್ಡ್‌ಗೆ ಹಿಂದಿರುಗಿದರು.

ಅನಂತರದ ವರ್ಷಗಳು

ಬಾಸ್ಟನ್ನಿನ ಅಪಮಾನದಿಂದ ವೆಲ್ಸ್ ಅವರ ಆರೋಗ್ಯ ಕೆಟ್ಟಿತು. 1845ರ ಫೆಬ್ರವರಿಯಲ್ಲಿ ಮನೆಯನ್ನು ಬಾಡಿಗೆಗೆ ಕೊಡುವುದಾಗಿ ಪತ್ರಿಕೆಯಲ್ಲಿ ಜಾಹೀರಾತು ನೀಡಿದರು. ಏಪ್ರಿಲ್ ತಿಂಗಳಲ್ಲಿ ತಮ್ಮ ರೋಗಿಗಳನ್ನು ರಿಗ್ಸ್ ಅವರಿಗೆ ಒಪ್ಪಿಸಿದರು. ಆಮೇಲೆ ಆಗಾಗ ವೃತ್ತಿಗೆ ಮರಳಿದರೂ ಅದರಲ್ಲಿ ನಿಲ್ಲಲಾಗಲಿಲ್ಲ. ಪ್ರಕೃತಿ ವಿಜ್ಞಾನದ ಪ್ರದರ್ಶನವೊಂದನ್ನು ಏರ್ಪಡಿಸಿದರು. ಸ್ನಾನಕ್ಕೆ ನೀರು ಸುರಿಸುವ ಸಾಧನವೊಂದನ್ನು ರೂಪಿಸಿ 1846ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ನೋವು ನಿವಾರಿಸುವ ಶೋಧಕ್ಕೆ ಹಕ್ಕುಪತ್ರ ಬೇಡವೆಂದಿದ್ದ ಅವರು ಹೊಟ್ಟೆಪಾಡಿಗಾಗಿ ಇಂತಹ ಸಾಧನಗಳಿಂದ ಹಣ ಗಳಿಸಲು ನೋಡಬೇಕಾಯಿತು.

ಆದರೂ ನಗೆಯನಿಲದ ಬಳಕೆ ಪೂರ್ತಿಯಾಗಿ ನಿಂತಿರಲಿಲ್ಲ. ಹಾರ್ಟ್‌ಫರ್ಡ್‌ನಲ್ಲಿ ರಿಗ್ಸ್ ಅವರೂ ಇತರ ಕೆಲವರೂ ಅದನ್ನು ಮುಂದುವರಿಸಿದ್ದರು.

ಈಥರ್ ಮತ್ತು ಕೀರ್ತಿಯ ವಿವಾದ

ಮಾರ್ಟನ್ ಅವರು ಈ ನಡುವೆ ಅನಿಲಕ್ಕೆ ಬದಲಾಗಿ ಈಥರ್ ಎಂಬ ದ್ರವದ ಆವಿಯನ್ನು ಪರೀಕ್ಷಿಸುತ್ತಿದ್ದರು. ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಜಾಕ್ಸನ್ ಅವರ ಸಲಹೆಯೂ ಅವರಿಗೆ ದೊರೆತಿತ್ತು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಅವರು ಗಿಲ್ಬರ್ಟ್ ಅಬಾಟ್ ಎಂಬ ರೋಗಿಗೆ ಈಥರ್ ಉಸಿರಾಡಿಸಿದರು. ವಾರೆನ್ ಅವರು ಆತನ ಕುತ್ತಿಗೆಯ ಗಡ್ಡೆಯ ಶಸ್ತ್ರಚಿಕಿತ್ಸೆ ನಡೆಸಿದರು. ವೆಲ್ಸ್ ಅವರಿಗೆ ಅವಕಾಶ ಕೊಟ್ಟಿದ್ದ ಶಸ್ತ್ರವೈದ್ಯರೇ ಈಗ ಅವರ ಶಿಷ್ಯನ ಯಶಸ್ಸಿಗೆ ಸಾಕ್ಷಿಯಾದರು. ಈ ಸುದ್ದಿ ಕೆಲವೇ ತಿಂಗಳಲ್ಲಿ ಪ್ರಪಂಚದ ಮೂಲೆಮೂಲೆಗೂ ಹಬ್ಬಿತು.

ಮಾರ್ಟನ್ ಮತ್ತು ಜಾಕ್ಸನ್ ಅವರು ನವೆಂಬರ್ 12ರಂದು ಈ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಬಳಿಕ ಅವರಿಬ್ಬರಲ್ಲಿಯೇ ಶೋಧದ ಕೀರ್ತಿಗಾಗಿ ಜಗಳ ಹುಟ್ಟಿತು. ಅರಿವಳಿಕೆಯ ಮೂಲ ಕಲ್ಪನೆ ತಮ್ಮದೆಂದು ವೆಲ್ಸ್ ಅವರು ಡಿಸೆಂಬರ್ ತಿಂಗಳಲ್ಲಿ ಹಾರ್ಟ್‌ಫರ್ಡ್‌ನ ಪತ್ರಿಕೆಗೆ ಬರೆದ ಪತ್ರದಲ್ಲಿ ಸಾರಿದರು. ಇವರೆಲ್ಲರಿಗಿಂತ ಮೊದಲು, 1842ರ ಮಾರ್ಚ್ 30ರಂದೇ, ಜಾರ್ಜಿಯಾ ರಾಜ್ಯದ ಹಳ್ಳಿಯ ವೈದ್ಯ ಕ್ರಾಫರ್ಡ್ ಲಾಂಗ್ ಅವರು ಈಥರ್ ಬಳಸಿ ಗಡ್ಡೆಯೊಂದನ್ನು ತೆಗೆದಿದ್ದರು. ಆದರೆ ಅವರು ಅದನ್ನು 1849ರವರೆಗೆ ಪ್ರಕಟಿಸದೆ ಇದ್ದುದರಿಂದ ಹೊರಜಗತ್ತಿಗೆ ತಿಳಿದಿರಲಿಲ್ಲ. ಹೀಗಾಗಿ ಅರಿವಳಿಕೆಯನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಇತಿಹಾಸಕಾರರು ಒಂದೇ ಹೆಸರನ್ನು ಕೊಡುವುದಿಲ್ಲ. ನೈಟ್ರಸ್ ಆಕ್ಸೈಡ್ ಅನಿಲವನ್ನು ಹಲ್ಲಿನ ಚಿಕಿತ್ಸೆಗೆ ತಂದವರು ವೆಲ್ಸ್ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

1847ರ ಆರಂಭದಲ್ಲಿ ವೆಲ್ಸ್ ಅವರು ಚಿತ್ರಗಳನ್ನು ಕೊಂಡು ತಂದು ಮಾರುವ ಉದ್ದೇಶದಿಂದ ಪ್ಯಾರಿಸ್ ನಗರಕ್ಕೆ ಹೋದರು. ಅಲ್ಲಿ ನೆಲೆಸಿದ್ದ ಅಮೆರಿಕನ್ ದಂತವೈದ್ಯ ಬ್ರೂಸ್ಟರ್ ಅವರ ಪ್ರೋತ್ಸಾಹದಿಂದ ತಮ್ಮ ಹಕ್ಕಿನ ವಿಷಯವನ್ನು ಫ್ರಾನ್ಸಿನ ವಿದ್ವತ್ಸಂಸ್ಥೆಗಳ ಮುಂದಿಟ್ಟರು. ತಾಯ್ನಾಡಿಗೆ ಮರಳಿದ ಬಳಿಕ ಅದೇ ವರ್ಷ ತಮ್ಮ ಶೋಧದ ಇತಿಹಾಸವನ್ನು ನಿರೂಪಿಸುವ ಕಿರುಪುಸ್ತಕವನ್ನು ಅಚ್ಚುಹಾಕಿಸಿದರು.

ಕೊನೆಯ ದಿನಗಳು

1848ರ ಜನವರಿಯಲ್ಲಿ ವೆಲ್ಸ್ ಅವರು ಪತ್ನಿ ಮತ್ತು ಮಗನನ್ನು ಹಾರ್ಟ್‌ಫರ್ಡ್‌ನಲ್ಲಿ ಬಿಟ್ಟು ನ್ಯೂಯಾರ್ಕ್ ನಗರದಲ್ಲಿ ಒಂಟಿಯಾಗಿ ವೃತ್ತಿ ಆರಂಭಿಸಿದರು. ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ಸಿಂಪ್ಸನ್ ಅವರು 1847ರ ನವೆಂಬರ್‌ನಲ್ಲಿ ಬಳಕೆಗೆ ತಂದಿದ್ದ ಕ್ಲೋರೋಫಾರ್ಮ್ ಆಗ ಹೊಸತು. ಅದನ್ನು ಪರೀಕ್ಷಿಸಲೆಂದು ವೆಲ್ಸ್ ಅವರು ಹಿಂದಿನಂತೆ ತಾವೇ ಉಸಿರಾಡತೊಡಗಿದರು. ನಗೆಯನಿಲದ ಪರಿಣಾಮ ನಿಮಿಷಗಳಲ್ಲಿ ಇಳಿದುಹೋಗುವಂಥದು, ಕ್ಲೋರೋಫಾರ್ಮ್ ಹಾಗಲ್ಲ. ಅದು ಚಟವಾಗಿ ಅಂಟಿಕೊಂಡು ಅವರ ಬುದ್ಧಿಯ ಸ್ತಿಮಿತವನ್ನು ಕೆಡಿಸಿತು.

ಮೂವತ್ತಮೂರನೆಯ ಜನ್ಮದಿನವಾದ ಜನವರಿ 21ರಂದು, ಭ್ರಮೆಗೊಳಗಾದ ಸ್ಥಿತಿಯಲ್ಲಿ ಅವರು ಬೀದಿಗಿಳಿದು ಇಬ್ಬರು ಮಹಿಳೆಯರ ಮೇಲೆ ಆಮ್ಲವನ್ನು ಎರಚಿದರು. ಬಂಧಿಸಿ ಸೆರೆಮನೆಗೆ ಒಯ್ಯಲಾಯಿತು. ಅಮಲು ಇಳಿದ ಮೇಲೆ ತಾವು ಎಸಗಿದ ಕೃತ್ಯದ ಅರಿವಾಗಿ ತೀವ್ರ ಪಶ್ಚಾತ್ತಾಪಕ್ಕೆ ಒಳಗಾದ ಅವರು ಜನವರಿ 24ರಂದು ಸೆರೆಮನೆಯಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಅನಿಲ ಬಳಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸುವ ವಿಧಾನದ ಪ್ರಥಮ ಶೋಧಕರೆಂದು ಪ್ಯಾರಿಸ್ ವೈದ್ಯಕೀಯ ಸಂಘವು ಅದೇ ತಿಂಗಳಲ್ಲಿ ಅವರನ್ನು ಗೌರವಿಸಲು ತೀರ್ಮಾನಿಸಿತ್ತು. ಹಡಗಿನ ಅಂಚೆಯ ಆ ಕಾಲದಲ್ಲಿ ಸುದ್ದಿಯು ಅಮೆರಿಕವನ್ನು ತಲುಪುವ ವೇಳೆಗೆ ಅವರು ಬದುಕಿರಲಿಲ್ಲ.

ಮರಣೋತ್ತರ ಮನ್ನಣೆ

ಹದಿನೈದು ವರ್ಷಗಳ ಕಾಲ ನಗೆಯನಿಲವನ್ನು ವೈದ್ಯಲೋಕ ಹೆಚ್ಚುಕಡಿಮೆ ಮರೆತೇ ಬಿಟ್ಟಿತ್ತು. ಅದನ್ನು ಮತ್ತೆ ಬಳಕೆಗೆ ತಂದವರು ಅದೇ ಕೋಲ್ಟನ್. 1863ರಲ್ಲಿ ಅವರು ದಂತವೈದ್ಯರೊಬ್ಬರ ಜೊತೆ ಸೇರಿ ಕೆಲವೇ ವಾರಗಳಲ್ಲಿ 3,000ಕ್ಕೂ ಹೆಚ್ಚು ಹಲ್ಲುಗಳನ್ನು ಈ ಅನಿಲದ ಸಹಾಯದಿಂದ ಕೀಳಿಸಿದರು. ಆಮೇಲೆ ನ್ಯೂಯಾರ್ಕ್‌ನಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು. ಅಲ್ಲಿಂದ ಈ ವಿಧಾನ ಯುರೋಪಿಗೂ ಹಬ್ಬಿತು.

ಅಮೆರಿಕದ ದಂತವೈದ್ಯರ ಸಂಘವು 1864ರಲ್ಲಿ ಮತ್ತು ಅಮೆರಿಕದ ವೈದ್ಯಕೀಯ ಸಂಘವು 1870ರಲ್ಲಿ ವೆಲ್ಸ್ ಅವರನ್ನು ಅರಿವಳಿಕೆಯ ಶೋಧಕರೆಂದು ಒಪ್ಪಿಕೊಂಡವು. ಹಾರ್ಟ್‌ಫರ್ಡ್‌ನ ಬುಶ್ನೆಲ್ ಉದ್ಯಾನದಲ್ಲಿ 1875ರಲ್ಲಿ ಅವರ ಕಂಚಿನ ಪ್ರತಿಮೆ ಸ್ಥಾಪನೆಯಾಯಿತು. ಪ್ಯಾರಿಸ್ ನಗರದಲ್ಲಿಯೂ ಅವರ ಸ್ಮಾರಕವಿದೆ. ಹಾರ್ಟ್‌ಫರ್ಡ್‌ನ ಸೀಡರ್ ಹಿಲ್ ಶ್ಮಶಾನದಲ್ಲಿ ಅವರ ಸಮಾಧಿ ಇದೆ.

ಬಾಸ್ಟನ್ ಸೋಲಿನ ವೈಜ್ಞಾನಿಕ ಕಾರಣ

ಅಂದು ನಡೆದದ್ದು ವಂಚನೆಯಲ್ಲ. ಅನಿಲದ ಗುಣವನ್ನು ಯಾರೂ ಇನ್ನೂ ಸರಿಯಾಗಿ ಅರಿತಿರಲಿಲ್ಲ. ನೈಟ್ರಸ್ ಆಕ್ಸೈಡ್ ದುರ್ಬಲವಾದ ಅರಿವಳಿಕೆ. ಸಾಮಾನ್ಯ ವಾಯುಒತ್ತಡದಲ್ಲಿ ಶೇಕಡಾ 100ರಷ್ಟು ಶುದ್ಧ ಅನಿಲವನ್ನೇ ಕೊಟ್ಟರೂ ಅದೊಂದರಿಂದಲೇ ಶಸ್ತ್ರಚಿಕಿತ್ಸೆಗೆ ಬೇಕಾದ ಆಳವಾದ ಅರಿವಳಿಕೆ ಎಲ್ಲರಲ್ಲಿಯೂ ಉಂಟಾಗುವುದಿಲ್ಲ. ಅದರ ಮೇಲೆ, ಶುದ್ಧ ಅನಿಲವನ್ನು ಮಾತ್ರ ಸೇದುತ್ತಿದ್ದರೆ ದೇಹಕ್ಕೆ ಆಕ್ಸಿಜನ್ ದೊರೆಯದೆ ಪ್ರಾಣಕ್ಕೇ ಅಪಾಯ. ವೆಲ್ಸ್ ಅವರ ಕಾಲದಲ್ಲಿ ಇದ್ದದ್ದು ಬರಿಯ ಅನಿಲದ ಚೀಲ. ರೋಗಿ ಮೈಮರೆಯುವುದಕ್ಕೂ ಆಕ್ಸಿಜನ್ ಕೊರತೆಗೆ ಒಳಗಾಗುವುದಕ್ಕೂ ನಡುವೆ ಇದ್ದ ಕಾಲ ಅತಿ ಕಿರಿದು. ಆ ಕೆಲವೇ ಕ್ಷಣಗಳಲ್ಲಿ ಹಲ್ಲು ಕೀಳಬೇಕಾಗಿತ್ತು. ರಕ್ತದಲ್ಲಿ ಈ ಅನಿಲ ಬಹಳ ಕಡಿಮೆ ಕರಗುವುದರಿಂದ ಚೀಲ ತೆಗೆದೊಡನೆ ಪರಿಣಾಮವೂ ಇಳಿಯುತ್ತದೆ.

1868ರಲ್ಲಿ ಶಿಕಾಗೋ ನಗರದ ಶಸ್ತ್ರವೈದ್ಯ ಎಡ್ಮಂಡ್ ಆಂಡ್ರ್ಯೂಸ್ ಈ ಅನಿಲಕ್ಕೆ ಆಕ್ಸಿಜನ್ ಬೆರೆಸಿ ಕೊಡುವ ಕ್ರಮವನ್ನು ಸೂಚಿಸಿದರು. ಅನಿಲದ ಸುರಕ್ಷಿತ ಬಳಕೆಗೆ ದಾರಿ ತೆರೆದದ್ದು ಈ ಮಿಶ್ರಣ. ಇಂದು ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಇದನ್ನು ಇತರ ಅರಿವಳಿಕೆ ಔಷಧಗಳ ಜೊತೆ ಸಹಾಯಕವಾಗಿ ಬಳಸುತ್ತಾರೆ. ಹಲ್ಲಿನ ಚಿಕಿತ್ಸೆಯಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ರೋಗಿಯ ಮೈಮರೆಸದೆ ಅಂಜಿಕೆಯನ್ನು ಮಾತ್ರ ತಗ್ಗಿಸಲು ಬಳಸುತ್ತಾರೆ.

ಮಕ್ಕಳ ದಂತಚಿಕಿತ್ಸೆಯಲ್ಲಿ ಇಂದಿನ ಬಳಕೆ

ಈ ವಿಧಾನದಲ್ಲಿ ಮಗುವಿಗೆ ಪ್ರಜ್ಞೆ ತಪ್ಪುವುದಿಲ್ಲ. ಮಗು ಕಣ್ಣು ತೆರೆದಿರುತ್ತದೆ, ಮಾತಿಗೆ ಉತ್ತರ ಕೊಡುತ್ತದೆ, ತಾನೇ ಉಸಿರಾಡುತ್ತದೆ. ಮೂಗಿನ ಮೇಲೆ ಮಾತ್ರ ಕೂರುವ ಚಿಕ್ಕ ಮುಖವಾಡದ ಮೂಲಕ ಮೊದಲು ಒಂದೆರಡು ನಿಮಿಷ ಬರಿಯ ಆಕ್ಸಿಜನ್ ಕೊಡುತ್ತಾರೆ. ಆಮೇಲೆ ನೈಟ್ರಸ್ ಆಕ್ಸೈಡ್ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ಸಾಮಾನ್ಯವಾಗಿ ಶೇಕಡಾ 30ರಿಂದ 50ರ ನಡುವೆ ಮಗುವಿನ ಮೈ ಸಡಿಲಗೊಂಡು, ಕೈಕಾಲು ಬೆಚ್ಚಗಾಗಿ ಜುಮ್ಮೆನ್ನತೊಡಗಿ, ಅಂಜಿಕೆ ಇಳಿಯುತ್ತದೆ. ಚಿಕಿತ್ಸೆ ಮುಗಿದ ಮೇಲೆ ಸುಮಾರು 5 ನಿಮಿಷ ಮತ್ತೆ ಶುದ್ಧ ಆಕ್ಸಿಜನ್ ಕೊಡಲಾಗುತ್ತದೆ. ಅಲ್ಲಿಗೆ ಪರಿಣಾಮ ಇಳಿದು ಮಗು ಮೊದಲಿನಂತಾಗುತ್ತದೆ.

ದಂತಚಿಕಿತ್ಸೆಗೆಂದು ತಯಾರಾದ ಯಂತ್ರಗಳಲ್ಲಿ ಆಕ್ಸಿಜನ್ ಪ್ರಮಾಣ ಸಾಮಾನ್ಯವಾಗಿ ಶೇಕಡಾ 30ಕ್ಕಿಂತ ಕೆಳಗಿಳಿಯದಂತೆ ತಡೆ ಇರುತ್ತದೆ. ಆಕ್ಸಿಜನ್ ಮುಗಿದರೆ ನೈಟ್ರಸ್ ಆಕ್ಸೈಡ್ ಹರಿವೂ ತಾನಾಗಿ ನಿಲ್ಲುತ್ತದೆ. ವೆಲ್ಸ್ ಅವರ ಚೀಲಕ್ಕೂ ಇಂದಿನ ಯಂತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಈ ವಿಧಾನಕ್ಕೆ ಮಿತಿಗಳೂ ಇವೆ. ಇದು ಅಂಜಿಕೆಯನ್ನು ಕಡಿಮೆ ಮಾಡುತ್ತದೆ. ಹಲ್ಲು ಕೀಳುವಂತಹ ಚಿಕಿತ್ಸೆಗೆ ವಸಡಿಗೆ ಕೊಡುವ ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದು ಹೇಗೂ ಬೇಕು. ಮಗು ಮೂಗಿನಿಂದ ಉಸಿರಾಡಲು ಒಪ್ಪಬೇಕು. ಆದ್ದರಿಂದ ನೆಗಡಿಯಿಂದ ಮೂಗು ಕಟ್ಟಿರುವ ಮಗುವಿಗೆ, ಮುಖವಾಡವನ್ನೇ ಒಲ್ಲದೆ ಅಳುವ ತೀರ ಚಿಕ್ಕ ಮಗುವಿಗೆ ಇದು ಒಗ್ಗುವುದಿಲ್ಲ. ಇತ್ತೀಚೆಗೆ ಕಿವಿಯ ಒಳಭಾಗದ ಶಸ್ತ್ರಚಿಕಿತ್ಸೆ ಆಗಿರುವವರಿಗೆ, ಬಿ12 ಜೀವಸತ್ವದ ಕೊರತೆ ಇರುವವರಿಗೆ, ಕೆಲವು ಶ್ವಾಸಕೋಶದ ರೋಗಗಳಿರುವವರಿಗೆ ಇದನ್ನು ತಪ್ಪಿಸುತ್ತಾರೆ. ಕೆಲವು ಮಕ್ಕಳಿಗೆ ವಾಂತಿ ಅಥವಾ ವಾಕರಿಕೆ ಬರಬಹುದು. ದಿನವೂ ಅದೇ ಕೋಣೆಯಲ್ಲಿ ಕೆಲಸ ಮಾಡುವ ವೈದ್ಯರ ಹಾಗೂ ಸಿಬ್ಬಂದಿಯ ಆರೋಗ್ಯದ ದೃಷ್ಟಿಯಿಂದ ಹೊರಬಿಟ್ಟ ಅನಿಲವನ್ನು ಹೀರಿ ಹೊರಹಾಕುವ ವ್ಯವಸ್ಥೆ ಇರಬೇಕು.

ಮಗುವಿನ ಜೊತೆಗಿನ ಮಾತುಕತೆಗೆ ಅನಿಲ ಬದಲಿಯಲ್ಲ. ಉಪಕರಣವನ್ನು ಮೊದಲು ಹೆಸರಿಸಿ ತಿಳಿಸುವುದು, ಅನಂತರ ತೋರಿಸುವುದು, ಆಮೇಲಷ್ಟೇ ಬಳಸುವುದು ಮಕ್ಕಳ ದಂತವೈದ್ಯರ ನಿತ್ಯದ ಕ್ರಮ. ಹಟ ಮಾಡಿದರೆ ಡಾಕ್ಟರರು ಸೂಜಿ ಚುಚ್ಚುತ್ತಾರೆ ಎಂದು ಮನೆಯಲ್ಲಿ ಹಿರಿಯರು ಮಕ್ಕಳನ್ನು ಹೆದರಿಸುವ ರೂಢಿ ಈ ಕೆಲಸವನ್ನು ಕಠಿಣಗೊಳಿಸುತ್ತದೆ. ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡಿದಷ್ಟೂ ಹಾಲುಹಲ್ಲಿನ ಹುಳುಕು ಬೇರಿಗಿಳಿದು ಕೀವು ತುಂಬುತ್ತದೆ. ಕಾಲಕ್ಕೆ ಮೊದಲೇ ಹಾಲುಹಲ್ಲು ಕಳೆದುಕೊಂಡರೆ ಶಾಶ್ವತ ಹಲ್ಲುಗಳು ಸಾಲು ತಪ್ಪಿ ಹುಟ್ಟಬಹುದು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ ಮೊದಲ ದಂತವೈದ್ಯಕೀಯ ಕಾಲೇಜನ್ನು ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದರು. ವೆಲ್ಸ್ ಅವರು ತೀರಿಕೊಂಡು ನೂರು ವರ್ಷ ತುಂಬಿದ 1948ರಲ್ಲಿಯೇ ದೇಶದ ದಂತವೈದ್ಯರ ಕಾಯಿದೆ ಜಾರಿಗೆ ಬಂದಿತು. ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾದವು. ಮುಂದೆ ಮಂಗಳೂರು ಹಾಗೂ ದೇರಳಕಟ್ಟೆ ಪ್ರದೇಶದಲ್ಲಿ ಹಲವು ದಂತವೈದ್ಯಕೀಯ ಕಾಲೇಜುಗಳು ತಲೆಯೆತ್ತಿದವು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಶಿಕ್ಷಣ ಸಂಸ್ಥೆಯು 1986ರಲ್ಲಿ ಧಾರವಾಡದಲ್ಲಿ ದಂತವೈದ್ಯಕೀಯ ಕಾಲೇಜನ್ನು ತೆರೆಯಿತು. ಮಕ್ಕಳ ದಂತವೈದ್ಯಕೀಯವು ಇಂದು ಸ್ನಾತಕೋತ್ತರ ಅಧ್ಯಯನದ ಪ್ರತ್ಯೇಕ ವಿಭಾಗವಾಗಿದ್ದು, ನೈಟ್ರಸ್ ಆಕ್ಸೈಡ್ ಬಳಸಿ ಮಕ್ಕಳನ್ನು ಶಾಂತಗೊಳಿಸುವ ವಿಧಾನ ಅದರ ಪಠ್ಯದಲ್ಲಿ ಸೇರಿದೆ.

ಯಂತ್ರ, ಅನಿಲದ ಸಿಲಿಂಡರು, ತರಬೇತಿ ಪಡೆದ ವೈದ್ಯರು ಇವೆಲ್ಲ ಒಟ್ಟಿಗೆ ಬೇಕಾಗುವುದರಿಂದ ಈ ಸೌಲಭ್ಯ ಊರೂರಿನ ಚಿಕಿತ್ಸಾಲಯಗಳಿಗೆ ಸುಲಭವಾಗಿ ಬರುವಂಥದಲ್ಲ. ಮಂಗಳೂರಿನಿಂದ ಚಾರ್ಮಾಡಿ ಘಾಟಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬಂಟ್ವಾಳಕ್ಕೂ ಬೆಳ್ತಂಗಡಿಗೂ ನಡುವೆ ಇರುವ ಪುಂಜಾಲಕಟ್ಟೆಯಂತಹ ಊರುಗಳ ಮಕ್ಕಳಿಗೆ ಮಂಗಳೂರು, ದೇರಳಕಟ್ಟೆ, ಮಣಿಪಾಲಗಳ ದಂತವೈದ್ಯಕೀಯ ಕಾಲೇಜುಗಳ ಮಕ್ಕಳ ವಿಭಾಗಗಳು ಬಸ್ಸಿನ ದಾರಿಯಲ್ಲಿವೆ. ತಮ್ಮ ಮಗುವಿಗೆ ಈ ವಿಧಾನ ಹೊಂದುವುದೇ ಎಂಬುದನ್ನು ಮಗುವಿನ ವಯಸ್ಸು, ಆರೋಗ್ಯ ಮತ್ತು ಬೇಕಾದ ಚಿಕಿತ್ಸೆಯನ್ನು ನೋಡಿ ದಂತವೈದ್ಯರೇ ನಿರ್ಧರಿಸುತ್ತಾರೆ. ಮಗುವಿನ ಹಿಂದಿನ ಕಾಯಿಲೆಗಳನ್ನೂ ಸೇವಿಸುತ್ತಿರುವ ಔಷಧಗಳನ್ನೂ ಹೆತ್ತವರು ಮೊದಲೇ ಅವರಿಗೆ ತಿಳಿಸುವುದು ಅಗತ್ಯ.